ಕಾಲು ಮೊದಲು, ನೆಲ ಆಮೇಲೆ: ಒಂದು ಕಾಟ್ಲಾ ಮೀನು, ಒಂದು ಟೇಪು ಹಿಡಿದು ನೋಡುವುದು ಹೇಗೆ

ಮೀನು ನೀರು ಬಿಟ್ಟು ನೆಲಕ್ಕೆ ಬಂತು, ಆಮೇಲೆ ಅದಕ್ಕೆ ಕಾಲು ಬಂತು. ಶಾಲೆಯಲ್ಲಿ ನನ್ನ ತಲೆಗೆ ಹೋಗಿದ್ದು ಇಷ್ಟೇ. ನಿಮಗೂ ಹಾಗೇ ನೆನಪಿದ್ದರೆ ಆಶ್ಚರ್ಯವೇನಿಲ್ಲ, ಕೇಳಲಿಕ್ಕೆ ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಕ್ರಮ ಪೂರ್ತಿ ಉಲ್ಟಾ. ಕಾಲು ಬಂದದ್ದು ನೀರಿನೊಳಗೇ. ಬೆರಳೂ ಅಲ್ಲೇ ಮೂಡಿತು. ಗಾಳಿ ಉಸಿರಾಡುವ ಅಂಗವಂತೂ ಅದಕ್ಕಿಂತ ಎಷ್ಟೋ ಮೊದಲೇ ಇತ್ತು. ಒಣ ನೆಲದ ಮೇಲೆ ಸರಿಯಾಗಿ ನಡೆದಾಡಿದ್ದು ಇದೆಲ್ಲ ಆದ ಮೇಲೆ.

ಇದನ್ನು ಸುಮ್ನೆ ಓದುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಿದರೆ ಜಾಸ್ತಿ ದಿನ ನೆನಪಿರುತ್ತದೆ. ಹೇಗೆ ನೋಡುವುದು ಅಂತ ಇಲ್ಲಿ ಬರೆದಿದ್ದೇನೆ. ಒಂದು ಭಾನುವಾರ ಬೆಳಿಗ್ಗೆ ಸಾಕು.

ಮೊದಲು ನಾನು ಎಡವಿದ ಕಥೆ ಹೇಳಿಬಿಡುತ್ತೇನೆ, ನೀವೂ ಅಲ್ಲೇ ಎಡವಬಾರದು. ಮೀನಿನ ಈಜುರೆಕ್ಕೆಯಲ್ಲಿ ನಮ್ಮ ಕೈಮೂಳೆಯೇ ಇದೆ ಅಂತ ಎಲ್ಲೋ ಓದಿದ್ದೆ. ಅಕ್ಕನ ಮಗಳಿಗೆ ತೋರಿಸೋಣ ಅಂತ ಬಂಗುಡೆ ತಂದು, ಬೇಯಿಸಿ, ರೆಕ್ಕೆಯನ್ನು ಬಿಡಿಸಿ ಬಿಡಿಸಿ ಹುಡುಕಿದೆವು. ಸಿಕ್ಕಿದ್ದು ಬರೀ ಸಣ್ಣ ಸಣ್ಣ ಕಡ್ಡಿ. "ಮಾಮ, ಕೈ ಎಲ್ಲಿ?" ಅಂದಳು. ನಾನು ಫೋನ್ ತೆಗೆದು ಏನೋ ಹುಡುಕುವ ಹಾಗೆ ನಟಿಸಿದೆ. ಆಮೇಲೆ ಗೊತ್ತಾಯಿತು, ನಮ್ಮ ಮಾರ್ಕೆಟ್ಟಿನಲ್ಲಿ ಸಿಗುವ ಯಾವ ಮೀನಿನಲ್ಲೂ ಆ ಮೂಳೆ ಇರುವುದಿಲ್ಲ. ಅವು ಹೆಚ್ಚಾಗಿ ಕಡ್ಡಿರೆಕ್ಕೆಯ ಮೀನುಗಳು, ಬೇರೆ ಕವಲು. ಹಾಗಂತ ಅವು ಉಪಯೋಗಕ್ಕಿಲ್ಲ ಅಂತಲ್ಲ. ಅವುಗಳಲ್ಲಿ ಏನು ಇಲ್ಲ ಅಂತ ನೋಡಿದರೇ ಅರ್ಧ ಕಥೆ ತಿಳಿಯುತ್ತದೆ.

ಏನೇನು ಬೇಕು

ಒಂದು ಕಾಟ್ಲಾ ಅಥವಾ ರೋಹು, ಒಂದೂವರೆ ಕಿಲೋದಷ್ಟು ದೊಡ್ಡದು. ಅಂಗಡಿಯವರು ಅಭ್ಯಾಸಬಲದಿಂದ ಟಕಟಕ ಕತ್ತರಿಸಿಬಿಡುತ್ತಾರೆ, ಅದಕ್ಕೇ ತೂಕ ಹಾಕುವಾಗಲೇ "ಅಣ್ಣಾ, ಕಟ್ ಮಾಡಬೇಡಿ, ಹೊಟ್ಟೆನೂ ತೆಗೀಬೇಡಿ, ಇಡಿಯಾಗಿ ಕೊಡಿ" ಅಂತ ಹೇಳಿ. ತುದಿ ಕತ್ತರಿಸದ ಎರಡು ಕೋಳಿ ರೆಕ್ಕೆ. ಐದು ಮೀಟರಿನ ಅಳತೆ ಟೇಪು, ಬಡಗಿಗಳು ಇಟ್ಟುಕೊಳ್ಳುತ್ತಾರಲ್ಲ, ಅಂಥದ್ದು. ಒಂದಿಷ್ಟು ಚೀಟಿ, ಪೆನ್ಸಿಲ್. ಮೀನು, ಕೋಳಿ ಮುಟ್ಟದ ಮನೆಯಾದರೆ ಬೀರುವಿನಲ್ಲಿ ಯಾರದ್ದಾದರೂ ಕೈಯ ಹಳೇ ಎಕ್ಸ್‌ರೇ ಇದ್ದೇ ಇರುತ್ತದೆ, ಅದನ್ನು ಕಿಟಕಿಗೆ ಹಿಡಿದರೆ ಕೋಳಿ ರೆಕ್ಕೆಗಿಂತ ಚೆನ್ನಾಗಿ ಕಾಣುತ್ತದೆ. ಮೀನಿನ ತಲೆಯನ್ನು ಯಾರ ಮನೆಯ ಅಕ್ವೇರಿಯಂನಲ್ಲಾದರೂ ನೋಡಬಹುದು.

ಟೇಪು ಹಾಸಿ

ಮೀನು ಫ್ರಿಜ್ಜಿನಲ್ಲಿರಲಿ. ಮೊದಲು ಹಾಲ್‌ನಲ್ಲಿ ಟೇಪು ಹಾಸಿ. ಸೊನ್ನೆ ಅಂದರೆ ಇವತ್ತು. ಒಂದು ಸೆಂಟಿಮೀಟರಿಗೆ 10 ಲಕ್ಷ ವರ್ಷ. ನಮ್ಮಂಥ ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷ, ಅಂದರೆ 3 ಮಿಲಿಮೀಟರ್. ಹಲ್ಮಿಡಿ ಶಾಸನದಿಂದ ಇವತ್ತಿನವರೆಗಿನ ಕನ್ನಡವೆಲ್ಲ ಸೇರಿಸಿದರೂ ಒಂದು ತಲೆಗೂದಲಿನಷ್ಟು ದಪ್ಪ ಆಗುವುದಿಲ್ಲ. ಡೈನೋಸಾರುಗಳು ಅಳಿದದ್ದು 66ನೇ ಸೆಂಟಿಮೀಟರಿನಲ್ಲಿ. ನಮ್ಮ ಕಥೆ ಅಲ್ಲಿಂದ ಇನ್ನೂ ಮೂರು ಮೀಟರ್ ಆಚೆ, ಅಡುಗೆಮನೆ ಬಾಗಿಲ ಹತ್ತಿರ.

359ರಿಂದ 419ರವರೆಗೆ ಒಂದು ಉದ್ದನೆಯ ಕಾಗದದ ಪಟ್ಟಿ ಅಂಟಿಸಿ. ಇದು ಡೆವೋನಿಯನ್ ಕಾಲ. 385, 380, 375, 365, 348 ಇಲ್ಲೆಲ್ಲ ಒಂದೊಂದು ಖಾಲಿ ಚೀಟಿ ಇಡಿ. ಹೆಸರು ಈಗಲೇ ಬರೆಯಬೇಡಿ, ಒಂದೊಂದನ್ನೇ ನೋಡುತ್ತಾ ತುಂಬಿಸೋಣ. ಮೊದಲೇ ಬರೆದರೆ ಮಕ್ಕಳು ಉತ್ತರ ಓದಿ ಎದ್ದು ಹೋಗುತ್ತಾರೆ.

ಕೋಳಿ ರೆಕ್ಕೆಯಿಂದ ಶುರು

ರೆಕ್ಕೆ ಬೇಯಿಸಿ, ಮಾಂಸ ಬಿಡಿಸಿ, ಮೂಳೆಗಳನ್ನು ಇದ್ದ ಕ್ರಮದಲ್ಲೇ ತಟ್ಟೆಯಲ್ಲಿ ಇಡಿ. ಭುಜದ ಕಡೆಯಿಂದ ಒಂದೇ ಒಂದು ದಪ್ಪ ಮೂಳೆ. ಆಮೇಲೆ ಜೋಡಿಯಾಗಿ ಎರಡು. ಅದಾದ ಮೇಲೆ ಸಣ್ಣ ಸಣ್ಣ ತುಂಡು, ಕೊನೆಗೆ ಬೆರಳು. ಈಗ ನಿಮ್ಮ ತೋಳು ಮುಟ್ಟಿ ನೋಡಿ. ಮೊಣಕೈಗಿಂತ ಮೇಲೆ ಒಂದು. ಕೆಳಗೆ ಎರಡು, ಅಂಗೈ ತಿರುಗಿಸಿದರೆ ಒಂದರ ಮೇಲೊಂದು ಹೊರಳುವುದು ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಮಣಿಕಟ್ಟಿನ ತುಂಡುಗಳು, ಬೆರಳು. ಒಂದು, ಎರಡು, ತುಂಡುಗಳು, ಬೆರಳು. ಕಪ್ಪೆ, ಹಲ್ಲಿ, ಬಾವಲಿ, ಆನೆ, ಎಲ್ಲರದ್ದೂ ಮೂಲದಲ್ಲಿ ಇದೇ ಲೆಕ್ಕ.

ಈಗ ಕಾಟ್ಲಾ ತೆಗೆದು ಎದೆಯ ಪಕ್ಕದ ರೆಕ್ಕೆಯನ್ನು ಬೀಸಣಿಗೆ ತರಹ ಬಿಡಿಸಿ. ಕಡ್ಡಿ, ಕಡ್ಡಿ, ಕಡ್ಡಿ. ಬುಡದಲ್ಲಿ ಸಣ್ಣ ಚೂರುಗಳಿವೆ, ಆದರೆ ಆ "ಒಂದು ದಪ್ಪ ಮೂಳೆ" ಇಲ್ಲ.

ಅದು ಇರುವ ಮೀನು ಬೇಕಾದರೆ 385ಕ್ಕೆ ಹೋಗಬೇಕು. ಆ ಚೀಟಿಯ ಮೇಲೆ ಯೂಸ್ಥೆನಾಪ್ಟೆರಾನ್ ಅಂತ ಬರೆಯಿರಿ. ಕೆನಡಾದ ಕ್ವಿಬೆಕ್‌ನಲ್ಲಿ ಮಿಗ್ವಾಶಾ ಅಂತ ಒಂದು ಜಾಗ ಇದೆ, ಅಲ್ಲಿನ ಬಂಡೆಗಳಲ್ಲಿ ಇದರ ಪಳೆಯುಳಿಕೆ ರಾಶಿ ರಾಶಿ ಸಿಕ್ಕಿದೆ. ಹೊರಗಿನಿಂದ ನೋಡಿದರೆ ಪಕ್ಕಾ ಮೀನು: ಚಿಪ್ಪು, ಕಿವಿರು, ಬಾಲ ಎಲ್ಲ ಇದೆ. ಆದರೆ ಎದೆಯ ರೆಕ್ಕೆಯ ಒಳಗೆ ಮಾಂಸದ ದಿಂಡು, ಆ ದಿಂಡಿನೊಳಗೆ ಒಂದು ಮೂಳೆ, ಆಮೇಲೆ ಎರಡು. ನೆಲಕ್ಕೆ ಹೋಗುವ ಯೋಚನೆಯೇ ಇಲ್ಲದ, ನೀರಿನಲ್ಲಿ ಬೇಟೆಯಾಡಿಕೊಂಡಿದ್ದ ಮೀನು ಇದು. ಇಂಥ ದಿಂಡುರೆಕ್ಕೆಯ ಮೀನುಗಳ ವಂಶದಲ್ಲಿ ಇವತ್ತು ಉಳಿದಿರುವುದು ಸೀಲಕಾಂತ್, ಮತ್ತೆ ಆಸ್ಟ್ರೇಲಿಯಾ, ಆಫ್ರಿಕಾ, ದಕ್ಷಿಣ ಅಮೆರಿಕಾದ ಶ್ವಾಸಮೀನುಗಳು, ಅಷ್ಟೇ. ಇಲ್ಲೊಂದು ತಮಾಷೆ ಇದೆ. ಆ ಶ್ವಾಸಮೀನಿಗೆ ನಿಮ್ಮ ಕೈಯಲ್ಲಿರುವ ಕಾಟ್ಲಾ ದೂರದ ನೆಂಟ, ನೀವು ಹತ್ತಿರದ ನೆಂಟರು.

ಕತ್ತು ಹುಡುಕಿ

ನನಗೆ ತುಂಬ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಮಾಡಿ. ಕಾಟ್ಲಾದ ತಲೆ ಹಿಡಿದು ಎಡಕ್ಕೆ ತಿರುಗಿಸಲು ನೋಡಿ. ಮೀನೇ ಪೂರ್ತಿ ತಿರುಗುತ್ತದೆ. ಕಿವಿರಿನ ಮುಚ್ಚಳ ಎತ್ತಿ, ಅದರ ಹಿಂದಿನ ಅಂಚಿಗೆ ಬೆರಳು ಹಾಕಿ. ಕುಡುಗೋಲಿನ ತರಹ ಬಾಗಿದ ಒಂದು ಗಟ್ಟಿ ಮೂಳೆ ಸಿಗುತ್ತದೆ. ಮೀನು ಹೆಚ್ಚುವವರಿಗೆಲ್ಲ ಈ ಮೂಳೆ ಗೊತ್ತು, ತಲೆ ತುಂಡರಿಸುವಾಗ ಕತ್ತಿ ತಡೆಯುವುದು ಇಲ್ಲೇ. ಇದು ಮೀನಿನ ಭುಜ. ಎದೆಯ ರೆಕ್ಕೆ ಕೂತಿರುವುದು ಇದರ ಮೇಲೆ. ಇದರ ಮೇಲ್ತುದಿ ಹೋಗಿ ತಲೆಬುರುಡೆಯ ಹಿಂಭಾಗಕ್ಕೆ ಸೇರಿಕೊಂಡಿದೆ. ಭುಜ ತಲೆಗೇ ಅಂಟಿದ್ದರೆ ಕುತ್ತಿಗೆಗೆ ಜಾಗ ಎಲ್ಲಿ?

ನೀರಿನಲ್ಲಿ ಕತ್ತು ಬೇಕಾಗುವುದಿಲ್ಲ, ಇಡೀ ಮೈ ಹೊರಳಿಸಿದರೆ ಆಯಿತು. ಆದರೆ ಮೊಣಕಾಲುದ್ದ ನೀರಿನಲ್ಲಿ, ತಳಕ್ಕೆ ರೆಕ್ಕೆ ಊರಿಕೊಂಡು ಕೂತ ಪ್ರಾಣಿಗೆ ಮೈ ಹೊರಳಿಸುವುದು ಕಷ್ಟ. ತಲೆಯೊಂದೇ ತಿರುಗಿದರೆ ಎಷ್ಟು ಅನುಕೂಲ!

ಈಗ 375ರ ಚೀಟಿ. ಟಿಕ್ಟಾಲಿಕ್. ಇದನ್ನು ಹುಡುಕಿದ ರೀತಿಯನ್ನು ಮಕ್ಕಳಿಗೆ ಖಂಡಿತ ಹೇಳಿ, ಯಾಕಂದರೆ ಇದು ಅದೃಷ್ಟಕ್ಕೆ ಕಾಲಿಗೆ ತಾಗಿದ ಕಲ್ಲಲ್ಲ. ಪಳೆಯುಳಿಕೆ ವಿಜ್ಞಾನಿಗಳಾದ ನೀಲ್ ಶೂಬಿನ್, ಟೆಡ್ ಡೆಶ್ಲರ್ ಮತ್ತು ಜೊತೆಗಾರರ ಲೆಕ್ಕ ಸರಳವಾಗಿತ್ತು. 385ರ ಹತ್ತಿರ ಪೂರ್ತಿ ಮೀನು, 365ರಲ್ಲಿ ಬೆರಳಿರುವ ಪ್ರಾಣಿ. ಹಾಗಾದರೆ ನಡುವಿನದ್ದು 375ರ ಆಸುಪಾಸಿನ ಬಂಡೆಯಲ್ಲಿರಬೇಕು. ಆ ಬಂಡೆ ಹಳೆಯ ನದಿಯ ಮರಳು ಮಣ್ಣಿನಿಂದ ಆದದ್ದಾಗಿರಬೇಕು. ಮೇಲೆ ಕಾಡು, ಊರು ಏನೂ ಇರದೆ ಬೋಳಾಗಿ ಕಾಣುವಂತಿರಬೇಕು. ಒಂದು ಭೂಗರ್ಭಶಾಸ್ತ್ರದ ಪಠ್ಯಪುಸ್ತಕದ ನಕಾಶೆಯಲ್ಲಿ ಇಂಥ ಬಂಡೆ ಕೆನಡಾದ ಉತ್ತರ ತುದಿಯಲ್ಲಿ ಇರುವುದು ಕಂಡಿತು. ಅಲ್ಲಿ ಯಾರೂ ಇದಕ್ಕಾಗಿ ಹುಡುಕಿರಲಿಲ್ಲ. 1999ರಿಂದ ಬೇಸಿಗೆಯ ಕೆಲವೇ ವಾರಗಳಲ್ಲಿ ಹೋಗಿ ಹೋಗಿ ಬರಿಗೈಲಿ ಬಂದು, 2004ರಲ್ಲಿ ಎಲ್ಸ್‌ಮಿಯರ್ ದ್ವೀಪದಲ್ಲಿ ಬಂಡೆಯಿಂದ ಹೊರಗೆ ಇಣುಕುತ್ತಿದ್ದ ಒಂದು ಚಪ್ಪಟೆ ಮೂತಿ ಸಿಕ್ಕಿತು. 2006ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಹೆಸರು ಕೊಟ್ಟವರು ಅಲ್ಲಿನ ಇನುಯಿಟ್ ಜನರ ಹಿರಿಯರು; ಅವರ ಭಾಷೆಯಲ್ಲಿ ಸಿಹಿನೀರಿನ ದೊಡ್ಡ ಮೀನು ಅಂತ ಅರ್ಥ. ಈಗ ಹಿಮ ಬೀಳುವ ಆ ಜಾಗ ಡೆವೋನಿಯನ್ ಕಾಲದಲ್ಲಿ ಭೂಮಧ್ಯರೇಖೆಯ ಹತ್ತಿರ, ಬೆಚ್ಚಗಿನ ನದಿಬಯಲಾಗಿತ್ತು.

ಟಿಕ್ಟಾಲಿಕ್‌ಗೆ ಚಿಪ್ಪಿದೆ, ರೆಕ್ಕೆಯ ತುದಿಯಲ್ಲಿ ಕಡ್ಡಿಗಳಿವೆ. ಆದರೆ ತಲೆ ಮೊಸಳೆಯಂತೆ ಚಪ್ಪಟೆ, ಕಣ್ಣು ನೆತ್ತಿಯ ಮೇಲೆ, ಪಕ್ಕೆಲುಬು ದಪ್ಪ. ರೆಕ್ಕೆಯೊಳಗೆ ಒಂದು, ಎರಡು, ಅದಾದ ಮೇಲೆ ಮಣಿಕಟ್ಟಿನಂಥ ತುಂಡುಗಳು. ಮೈಯನ್ನು ತಳದಿಂದ ಎತ್ತಿ ಹಿಡಿಯಬಲ್ಲ ರೆಕ್ಕೆ ಇದು, ಮಕ್ಕಳಿಗೆ ದಂಡ ಹೊಡೆದು ತೋರಿಸಿದರೆ ತಕ್ಷಣ ಅರ್ಥವಾಗುತ್ತದೆ. ಭುಜವನ್ನು ತಲೆಗೆ ಕಟ್ಟಿದ್ದ ಮೂಳೆಗಳು ಮಾತ್ರ ಇಲ್ಲ. ಅಂದರೆ ಕತ್ತು ಬಂದಿದೆ. ನೀವು ಪಕ್ಕದವರನ್ನು ನೋಡಲು ತಲೆ ತಿರುಗಿಸುತ್ತೀರಲ್ಲ, ಆ ಕತ್ತು.

380ರ ಚೀಟಿಗೆ ಪ್ಯಾಂಡೆರಿಕ್ತಿಸ್ ಅಂತ ಬರೆದು ಮುಂದೆ ಹೋಗಿ. ಲಾಟ್ವಿಯಾದಲ್ಲಿ ಸಿಕ್ಕ, ಯೂಸ್ಥೆನಾಪ್ಟೆರಾನ್‌ಗಿಂತ ಚಪ್ಪಟೆ ತಲೆಯ ಮೀನು.

ಎಂಟು ಬೆರಳು

ಇಲ್ಲಿಗೆ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ. ಮೊದಲ ಕೈಗೆ ಎಷ್ಟು ಬೆರಳಿತ್ತು? ಎಲ್ಲರೂ ಐದು ಅಂತಾರೆ. ದೊಡ್ಡ ದೊಡ್ಡ ವಿಜ್ಞಾನಿಗಳೂ ಹಾಗೇ ಅಂದುಕೊಂಡಿದ್ದರು, ಪೂರ್ತಿ ಕೈ ಸಿಗದಿದ್ದರೂ ಚಿತ್ರದಲ್ಲಿ ಐದೇ ಬೆರಳು ಬರೆದಿದ್ದರು.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಪಳೆಯುಳಿಕೆ ವಿಜ್ಞಾನಿ ಜೆನ್ನಿ ಕ್ಲ್ಯಾಕ್ ಇದನ್ನು ಕೆಡವಿದವರು. 1970ರಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿದ್ದ ವಿದ್ಯಾರ್ಥಿಯೊಬ್ಬ ತನ್ನ ನೋಟ್‌ಬುಕ್ಕಿನಲ್ಲಿ, ಇಂಥ ಗುಡ್ಡದಲ್ಲಿ ತಲೆಬುರುಡೆಯ ತುಂಡು ಬೇಕಾದಷ್ಟಿವೆ ಅಂತ ಬರೆದಿಟ್ಟಿದ್ದ. ಅವನು ತಂದ ಕಲ್ಲುಗಳು ಡ್ರಾಯರ್‌ನಲ್ಲೇ ಇದ್ದವು. ಕ್ಲ್ಯಾಕ್ ಆ ಟಿಪ್ಪಣಿ ಹಿಡಿದುಕೊಂಡು 1987ರಲ್ಲಿ ಅಲ್ಲಿಗೇ ಹೋದರು. ಸಿಕ್ಕಿದ್ದು ಅಕಾಂತೋಸ್ಟೆಗಾ, ನಮ್ಮ 365ರ ಚೀಟಿ. ಅವರೂ ಮೈಕೆಲ್ ಕೋಟ್ಸ್ ಅವರೂ 1990ರಲ್ಲಿ ಅದರ ಮುಂಗಾಲನ್ನು ವಿವರಿಸಿದರು. ಬೆರಳು ಎಂಟು. ಅದೇ ಕಾಲದ, ಗ್ರೀನ್‌ಲ್ಯಾಂಡಿನದ್ದೇ ಇಕ್ತಿಯೋಸ್ಟೆಗಾದ ಹಿಂಗಾಲಿಗೆ ಏಳು. ರಷ್ಯಾದ ಟ್ಯುಲೆರ್ಪೆಟಾನ್‌ಗೆ ಆರು. ಐದಕ್ಕೆ ನಿಂತದ್ದು ಆಮೇಲೆ.

ಬೆರಳಿಗಿಂತ ದೊಡ್ಡ ವಿಷಯ ಬೇರೆ ಇದೆ. ಅಕಾಂತೋಸ್ಟೆಗಾದ ಕಾಲು ಮೈಭಾರ ಹೊರುವಂಥದ್ದಲ್ಲ. ಮಣಿಕಟ್ಟು ಗಟ್ಟಿಯಿಲ್ಲ. ಬಾಲಕ್ಕೆ ಅಗಲವಾದ ರೆಕ್ಕೆ. ಮೀನಿನ ಹಾಗೆ ಒಳಗೆ ಕಿವಿರು. ಎಂಟು ಬೆರಳಿನ ಈ ಪ್ರಾಣಿ ನೀರಿನಲ್ಲೇ ಬದುಕುತ್ತಿತ್ತು. ಹಾಗಾದರೆ ಕಾಲು ಯಾಕೆ? ಆ ಹೊತ್ತಿಗೆ ನದಿಯ ದಡದಲ್ಲಿ ಮರಗಳು ಬೆಳೆದಿದ್ದವು, ಎಲೆ, ಕೊಂಬೆ, ಬೇರು ನೀರಿಗೆ ಬಿದ್ದು ಕಸ ತುಂಬಿತ್ತು. ಕೆರೆಯಲ್ಲಿ ಜೊಂಡಿನ ನಡುವೆ ಇಳಿದವರಿಗೆ ಗೊತ್ತು, ಅಲ್ಲಿ ಈಜಲಿಕ್ಕೆ ಆಗುವುದಿಲ್ಲ. ಸರಿಸಿಕೊಂಡು, ಹಿಡಿದುಕೊಂಡು, ಒದ್ದುಕೊಂಡು ಹೋಗಬೇಕು.

ಕೆರೆ ಒಣಗಿತು, ಮೀನು ಮುಂದಿನ ಕೆರೆ ಹುಡುಕಿಕೊಂಡು ತೆವಳಿತು, ತೆವಳುತ್ತಾ ಕಾಲು ಬಂತು ಅನ್ನುವ ಕಥೆ ನೀವು ಕೇಳಿರಬಹುದು. ಅಮೆರಿಕದ ವಿಜ್ಞಾನಿ ಆಲ್‌ಫ್ರೆಡ್ ರೋಮರ್ ಅದನ್ನು ಜನಪ್ರಿಯ ಮಾಡಿದ್ದರು. ಕಥೆ ಚೆನ್ನಾಗಿದೆ, ಆದರೆ ನೀರಲ್ಲೇ ಇದ್ದವನಿಗೆ ಎಂಟು ಬೆರಳು ಸಿಕ್ಕಿದ ಮೇಲೆ ಅದು ನಿಲ್ಲುವುದು ಕಷ್ಟ.

ಬಿಳಿ ಬಲೂನು

ಮತ್ತೆ ಮೀನಿಗೆ ಬನ್ನಿ. ಹೊಟ್ಟೆಯನ್ನು ಹುಷಾರಾಗಿ, ಕತ್ತಿಯ ತುದಿ ಒಳಕ್ಕೆ ಜಾಸ್ತಿ ಹೋಗದ ಹಾಗೆ ಸೀಳಿ. ಕರುಳು ಪಕ್ಕಕ್ಕೆ ಸರಿಸಿದರೆ ಬೆನ್ನುಮೂಳೆಯ ಕೆಳಗೆ ಬೆಳ್ಳಗೆ ಹೊಳೆಯುವ ಬಲೂನು, ನಡುವೆ ದಾರ ಕಟ್ಟಿದಂತೆ ಎರಡು ಭಾಗ. ಗಾಳಿಚೀಲ. ಮೀನು ಮುಳುಗದೆ ತೇಲದೆ ನಿಲ್ಲಲು ಇದು ಬೇಕು. ಸಣ್ಣವರಿದ್ದಾಗ ಇದನ್ನು ಪಟ್ ಅಂತ ಒಡೆಯಲು ನಾವು ಜಗಳ ಆಡುತ್ತಿದ್ದೆವು. ಈ ಸಲ ಒಡೆಯುವ ಮೊದಲು ಹುಡುಕಿ, ಒಂದು ಸಣ್ಣ ನಳಿಕೆ ಇದರಿಂದ ಅನ್ನನಾಳದ ಕಡೆ ಹೋಗುತ್ತದೆ. ನಮ್ಮ ಶ್ವಾಸಕೋಶದ ಕೊಳವೆಯೂ ಗಂಟಲಿನಿಂದಲೇ ಕವಲೊಡೆಯುತ್ತದೆ ಅಲ್ವಾ.

ಈ ಚೀಲವೇ ಮುಂದೆ ಶ್ವಾಸಕೋಶ ಆಯಿತು ಅಂತ ಡಾರ್ವಿನ್ ಅಂದುಕೊಂಡಿದ್ದರು. ಈಗ ಗೊತ್ತಿರುವುದು ಅದರ ಉಲ್ಟಾ. ಮೂಳೆಮೀನುಗಳ ಹಳೆಯ ಪೂರ್ವಜರಿಗೇ ಸರಳವಾದ ಶ್ವಾಸಕೋಶ ಇತ್ತು, ಕಾಟ್ಲಾದಂಥವುಗಳಲ್ಲಿ ಅದೇ ಬದಲಾಗಿ ಗಾಳಿಚೀಲ ಆಯಿತು. ಬೆಚ್ಚಗಿನ ನಿಂತ ನೀರಿನಲ್ಲಿ ಆಮ್ಲಜನಕ ಕಡಿಮೆ, ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿದರೆ ಬದುಕಬಹುದು. ಹಾಗಾಗಿ "ಶ್ವಾಸಕೋಶ" ಅನ್ನುವ ಚೀಟಿಯನ್ನು 419ರ ಆಚೆಗೆ ಇಡಿ. ಮಕ್ಕಳು ಒಪ್ಪುವುದಿಲ್ಲ, ಜಗಳ ಆಡಲಿ.

ಮಳೆಗಾಲವಾದರೆ ಒಂದು ಕಪ್ಪೆಯ ಮುಂದೆ ಐದು ನಿಮಿಷ ಕೂತುಕೊಳ್ಳಿ. ಗಂಟಲು ಡಬಡಬ ಆಡುತ್ತಿರುತ್ತದೆ. ಅದಕ್ಕೆ ನಮ್ಮಂತೆ ಎದೆ ಹಿಗ್ಗಿಸಿ ಗಾಳಿ ಎಳೆಯಲು ಬರುವುದಿಲ್ಲ, ಬಾಯಿಂದ ಒಳಕ್ಕೆ ಒತ್ತುತ್ತದೆ. ಶ್ವಾಸಮೀನು ಮಾಡುವುದೂ ಅದನ್ನೇ. ಹಾಗಂತ ಗೊದಮೊಟ್ಟೆ ಕಪ್ಪೆಯಾಗುವುದನ್ನು ತೋರಿಸಿ "ನೋಡು, ಹೀಗೇ ಆಗಿದ್ದು" ಅಂತ ಹೇಳಬೇಡಿ. ಅದು ಒಂದು ಪ್ರಾಣಿ ಬೆಳೆಯುವ ರೀತಿ. ನಮ್ಮ ಕಥೆಯಲ್ಲಿ ಯಾವ ಪ್ರಾಣಿಯೂ ತನ್ನ ಜೀವಮಾನದಲ್ಲಿ ಬದಲಾಗಲಿಲ್ಲ.

ಕಣ್ಣು, ಕಿವಿ

ಕಾಟ್ಲಾದ ಕಣ್ಣು ತಲೆಯ ಪಕ್ಕದಲ್ಲಿ. ಟಿಕ್ಟಾಲಿಕ್‌ನದ್ದು ಮೇಲೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಪಳೆಯುಳಿಕೆಗಳ ಕಣ್ಣಿನ ಗುಳಿ ಅಳೆದು ನೋಡಿದಾಗ, ನೆಲಕ್ಕೆ ಹತ್ತುವ ಮೊದಲೇ ಕಣ್ಣು ಹೆಚ್ಚುಕಡಿಮೆ ಮೂರು ಪಟ್ಟು ದೊಡ್ಡದಾಗಿತ್ತು. ನೀರೊಳಗೆ ದೊಡ್ಡ ಕಣ್ಣಿನಿಂದ ಲಾಭ ಕಡಿಮೆ, ಸ್ವಲ್ಪ ದೂರಕ್ಕೇ ಮಸುಕು. ಮೊಸಳೆ ತರಹ ಕಣ್ಣು ಮಾತ್ರ ಹೊರಗಿಟ್ಟು ಕೂತರೆ ದಡದಲ್ಲಿ ಏನು ಓಡಾಡುತ್ತಿದೆ ಅಂತ ಕಾಣುತ್ತದೆ. ದಡದಲ್ಲಿ ಸಾವಿರಕಾಲು, ಹುಳುಗಳೆಲ್ಲ ಆಗಲೇ ಬಂದು ನೆಲೆಸಿದ್ದವು. ಊಟ ಅಲ್ಲಿತ್ತು, ಹಿಡಿಯುವ ಬೆನ್ನುಮೂಳೆಯ ಪ್ರಾಣಿ ಯಾವುದೂ ಇರಲಿಲ್ಲ.

ಕಿವಿಯದ್ದು ಎರಡೇ ಮಾತು: ಮೀನಿನಲ್ಲಿ ದವಡೆಯನ್ನು ತಲೆಗೆ ಆನಿಸಿ ಹಿಡಿಯುವ ಒಂದು ಮೂಳೆ ಇದೆ, ಅದೇ ಕುಗ್ಗಿ ಕುಗ್ಗಿ ನಮ್ಮ ಕಿವಿಯೊಳಗಿನ ಪುಟ್ಟ ರಿಕಾಪು ಮೂಳೆ ಆಗಿದೆ. ಕಾಟ್ಲಾದಲ್ಲಿ ಹುಡುಕಲು ಹೋಗಬೇಡಿ, ತಲೆ ಪುಡಿಯಾಗುತ್ತದೆ.

ಕೊನೆಯ ಚೀಟಿ, ಒಂದು ತಕರಾರು

348ಕ್ಕೆ ಪೆಡೆರ್ಪಿಸ್. ಸ್ಕಾಟ್ಲೆಂಡಿನಲ್ಲಿ 1971ರಲ್ಲಿ ಸಿಕ್ಕಿ, ಮೀನು ಅನ್ನುವ ಚೀಟಿ ಹಚ್ಚಿಕೊಂಡು ಮ್ಯೂಸಿಯಂನಲ್ಲಿ ಮಲಗಿತ್ತು. 2002ರಲ್ಲಿ ಅದೇ ಜೆನ್ನಿ ಕ್ಲ್ಯಾಕ್ ತೋರಿಸಿದರು, ಇದರ ಪಾದ ಮುಂದಕ್ಕೆ ತಿರುಗಿದೆ, ಅಂದರೆ ನೆಲದ ಮೇಲೆ ಹೆಜ್ಜೆ ಇಡುವ ಪಾದ. ಟೇಪಿನ ಮೇಲೆ ನೋಡಿ, ಬೆರಳು ಬಂದದ್ದಕ್ಕೂ ಈ ಪಾದಕ್ಕೂ ನಡುವೆ 17 ಸೆಂಟಿಮೀಟರ್. ಒಂದು ಕೋಟಿ 70 ಲಕ್ಷ ವರ್ಷ.

ಈಗ ತಕರಾರು. 2010ರಲ್ಲಿ ಪೋಲೆಂಡಿನ ಹೋಲಿ ಕ್ರಾಸ್ ಬೆಟ್ಟಗಳ ಒಂದು ಹಳೇ ಕಲ್ಲುಗಣಿಯಿಂದ ಹೆಜ್ಜೆಗುರುತುಗಳು ವರದಿಯಾದವು. ವಯಸ್ಸು ಸುಮಾರು 39 ಕೋಟಿ ವರ್ಷ. ಟೇಪಿನಲ್ಲಿ 390ರ ಹತ್ತಿರ, ಟಿಕ್ಟಾಲಿಕ್‌ಗಿಂತ ಹಿಂದೆ! ಹೆಜ್ಜೆಯೇ ಹೌದಾದರೆ ಕಾಲು ನಾವು ಅಂದುಕೊಂಡಿದ್ದಕ್ಕಿಂತ ಹಳೆಯದು. ಮೀನುಗಳು ತಳ ಕೆದಕಿದ ಗುರುತು ಅದು ಅನ್ನುವವರೂ ಇದ್ದಾರೆ. ಅಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿ. ಇದರಿಂದ ಇನ್ನೊಂದು ಅಂಶವೂ ಗೊತ್ತಾಗುತ್ತದೆ, ಟಿಕ್ಟಾಲಿಕ್ ನಮ್ಮ ಮುತ್ತಜ್ಜ ಆಗಿರಬೇಕಾಗಿಲ್ಲ. ಮುತ್ತಜ್ಜನ ದಾಯಾದಿ ಅಂದುಕೊಳ್ಳಿ, ಮುಖಚಹರೆ ಒಂದೇ.

ಕರಾವಳಿ ಕಡೆ ಹೋದರೆ

ಹೊನ್ನಾವರದ ಶರಾವತಿ ಅಳಿವೆ, ಕುಮಟಾದ ಅಘನಾಶಿನಿ ಅಳಿವೆ, ಇಂಥ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಮಡ್‌ಸ್ಕಿಪ್ಪರ್ ಅನ್ನುವ ಮೀನು ಸಿಗುತ್ತದೆ. ನೀರು ಇಳಿದ ಹೊತ್ತಿಗೆ ಹೋಗಿ. ನೀವು ಹತ್ತಿರ ಹೋದ ಕೂಡಲೇ ಎಲ್ಲ ಬಿಲ ಸೇರುತ್ತವೆ. ಅಲ್ಲಾಡದೆ ಹತ್ತು ನಿಮಿಷ ಕೂತರೆ ಒಂದೊಂದೇ ಹೊರಗೆ ಬಂದು, ಎರಡು ರೆಕ್ಕೆಯನ್ನೂ ಒಟ್ಟಿಗೆ ಮುಂದಕ್ಕೆ ಊರಿ, ಊರುಗೋಲು ಹಿಡಿದವರ ಹಾಗೆ ಮೈಯನ್ನು ಎಳೆದುಕೊಳ್ಳುತ್ತವೆ. ಇಕ್ತಿಯೋಸ್ಟೆಗಾದ ಕೀಲುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದವರು 2012ರಲ್ಲಿ ಹೇಳಿದ್ದೂ ಇದನ್ನೇ: ಅದಕ್ಕೆ ಹಲ್ಲಿಯ ಹಾಗೆ ನಾಲ್ಕು ಕಾಲಿನ ನಡಿಗೆ ಸಾಧ್ಯವಿರಲಿಲ್ಲ, ಮುಂಗಾಲಿನ ಊರುಗೋಲೇ ಗತಿ. ಮಡ್‌ಸ್ಕಿಪ್ಪರ್ ಕಾಟ್ಲಾದ ಕವಲಿನದ್ದು, ನಮ್ಮ ಪೂರ್ವಜ ಅಲ್ಲ. ಕಷ್ಟ ಒಂದೇ ಆಗಿದ್ದರಿಂದ ಉಪಾಯವೂ ಒಂದೇ.

ಕೆಸರಿಗೆ ಇಳಿಯಬೇಡಿ, ಕಾಂಡ್ಲಾ ಬೇರು ಚುಚ್ಚುತ್ತದೆ, ಬಿಲವೂ ಹಾಳಾಗುತ್ತದೆ. ದುರ್ಬೀನು ಇದ್ದರೆ ಒಳ್ಳೆಯದು.

ಇನ್ನು ಕಾಟ್ಲಾ. ಹೊಟ್ಟೆಯ ಭಾಗ ತೊಳೆದು ಸಾರಿಗೆ ಹಾಕಿ, ತಲೆಯನ್ನು ಬೇರೆಯಾಗಿ ಬೇಯಿಸಿ. ಬೆಂದ ಮೇಲೆ ಆ ಕುಡುಗೋಲು ಮೂಳೆ ಎರಡೂ ಕಡೆಯಿಂದ ತಾನಾಗಿ ಬಿಟ್ಟುಕೊಳ್ಳುತ್ತದೆ. ಸೋಪಿನ ನೀರಿನಲ್ಲಿ ಎರಡು ದಿನ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ನೆರಳಿನಲ್ಲಿ ಒಣಗಿಸಿ. ಬೆಕ್ಕಿಗೆ ಎಟುಕದ ಜಾಗದಲ್ಲಿ. ನಮ್ಮದು ಮೊದಲ ಸಲ ಬೆಕ್ಕಿನ ಬಾಯಿಗೇ ಹೋಯಿತು.